ಗೋಜೋ ದ್ವೀಪದಲ್ಲೊಂದು ಬಂಗಲೆ ಬೇಕಾಗಿದೆ!

ನಮ್ಮ ಸಿನಿಮಾ ಸಾಹುಕಾರನನ್ನು ನೀವೆಲ್ಲ ಬಲ್ಲಿರಿ. ಮೈಮೇಲೆ ರೇಷ್ಮೆ ಗೌನು, ಬಾಯಲ್ಲಿ ಪೈಪು, ಅರಮನೆಯಂಥ ಮನೆ, ನಟ್ಟನಡುವೆ ಅರ್ಧಚಂದ್ರಾಕಾರದ ಮೆಟ್ಟಿಲು. ಮಗಳು ಬಡವನನ್ನು ಪ್ರೀತಿಸಿದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಆಸಾಮಿ ಆ ಮೆಟ್ಟಿಲನ್ನು ದಡದಡನೆ ಇಳಿದು ಬರುತ್ತಾನೆ. ಆದರೆ ನಾನು ಹೇಳಹೊರಟಿರುವ ಸಾಹುಕಾರರಿಗೆ ಗೌನೂ ಇಲ್ಲ, ಪೈಪೂ ಇಲ್ಲ. ಮೆಟ್ಟಿಲು ಇಳಿಯೋಣವೆಂದರೆ ಮಂಡಿ ನೋವು ಬೇರೆ! ಕುಂದಾಪುರದ ಕಡೆಯವರು. ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು, ಈಗ ದುಬೈಯಲ್ಲಿ ಮೂರು ಹೋಟೆಲಿನ ಧಣಿ. "ಹೆಸರು ಮಾತ್ರ ಹಾಕ್ಬೇಡ ಮಾರಾಯ" ಅಂದಿದ್ದಾರೆ. ಆದ್ದರಿಂದ ಇಲ್ಲಿ ಅವರು ಬರೀ ಧಣಿಗಳು.

2025ರ ಅಕ್ಟೋಬರ್ ಮೊದಲ ವಾರ ಫೋನು ಬಂತು.

"ಮೆಡಿಟರೇನಿಯನ್ ಸಮುದ್ರದಲ್ಲಿ ಗೋಜೋ ಅಂತ ಒಂದು ದ್ವೀಪ ಉಂಟು. ನೀರಿನ ಬದಿಯಲ್ಲೇ ಒಂದು ಬಂಗಲೆ ನೋಡಿದ್ದೇನೆ, ಫೋಟೋದಲ್ಲಿ. ಕಣ್ಣಾರೆ ನೋಡಿ ಬರುವ. ನೀನೂ ಬಾ. ಅಲ್ಲಿ ಸಿನಿಮಾದವರು ಬರ್ತಾ ಇರ್ತಾರಂತೆ, ನಿನಗೂ ಬರೆಯಲಿಕ್ಕೆ ಆಯ್ತು."

ಟಿಕೆಟ್ಟು ಅವರದ್ದು ಅಂದ ಮೇಲೆ ನಾನು ಯಾಕೆ ಬೇಡ ಅನ್ನಲಿ, ನೀವೇ ಹೇಳಿ! ಆದರೂ ಕೇಳಿದೆ, "ಧಣಿ, ಊರಲ್ಲಿ ಸಮುದ್ರ ಇಲ್ವಾ? ಮರವಂತೆಯಲ್ಲಿ ರಸ್ತೆಯ ಒಂದು ಕಡೆ ನದಿ, ಒಂದು ಕಡೆ ಕಡಲು. ಅದನ್ನು ಬಿಟ್ಟು ಅಲ್ಲಿಗ್ಯಾಕೆ?"

ಉತ್ತರ ಬರಲು ಸ್ವಲ್ಪ ಹೊತ್ತಾಯ್ತು. ಮಗ ಫ್ರಾಂಕ್‌ಫರ್ಟ್‌ನಲ್ಲಿ, ಮಗಳು ಡಬ್ಲಿನ್‌ನಲ್ಲಿ. ಊರಿಗೆ ಬನ್ನಿ ಅಂದರೆ ರಜೆ ಇಲ್ಲ. ದುಬೈಗೆ ಬನ್ನಿ ಅಂದರೆ ಸೆಖೆ. "ಗೋಜೋದಲ್ಲಿ ಮನೆ ಇದ್ರೆ ಇಬ್ಬರಿಗೂ ಮೂರ್ನಾಲ್ಕು ಗಂಟೆಯ ವಿಮಾನ. ಮೊಮ್ಮಕ್ಕಳು ಬರ್ತಾರೆ, ಅಲ್ದಾ?" ಎಂದರು. ನಾನು ಮತ್ತೇನೂ ಕೇಳಲಿಲ್ಲ.

ಪಾಪೈ ಊರಿನ ಪಕ್ಕದಿಂದ

ಗೋಜೋಗೆ ವಿಮಾನ ನಿಲ್ದಾಣವಿಲ್ಲ. ಮಾಲ್ಟಾದಲ್ಲಿಳಿದು, ಉತ್ತರ ತುದಿಯ ಚಿರ್ಕೆವ್ವಾಗೆ ಹೋಗಿ ದೋಣಿ ಹಿಡಿಯಬೇಕು. ಮಾಲ್ಟಾ 1964ರವರೆಗೆ ಬ್ರಿಟಿಷರ ಕೈಲಿದ್ದ ದೇಶವಾದ್ದರಿಂದ ನಮ್ಮವರಿಗೆ ಹೊಸಜಾಗ ಅನ್ನಿಸುವುದಿಲ್ಲ. ಗಾಡಿ ಎಡಗಡೆಯೇ ಓಡುತ್ತೆ, ಗೋಡೆಯಲ್ಲಿ ಮೂರು ಕಾಲಿನ ಪ್ಲಗ್ಗು, ಇಂಗ್ಲಿಷ್ ಎಲ್ಲರಿಗೂ ಬರುತ್ತೆ. ಮನೆಮಾತು ಮಾತ್ರ ಮಾಲ್ಟೀಸ್. ಅರಬ್ಬಿಯ ಸೋದರಿಯಂಥ ಭಾಷೆ, ಬರೆಯುವುದು ರೋಮನ್ ಲಿಪಿಯಲ್ಲಿ!

ದೋಣಿಕಟ್ಟೆಗೆ ಸ್ವಲ್ಪ ಮುಂಚೆ ಆ್ಯಂಕರ್ ಬೇ ಅನ್ನುವ ಕೊಲ್ಲಿ. ಅಲ್ಲಿ ಟ್ಯಾಕ್ಸಿ ನಿಲ್ಲಿಸಿಸಿದೆ. ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿದ, ರಾಬಿನ್ ವಿಲಿಯಮ್ಸ್ ಅಭಿನಯದ 'ಪಾಪೈ' (1980) ಚಿತ್ರಕ್ಕೆ ಹಾಕಿದ ಸೆಟ್ಟು ಇದು. 165 ಜನ, 7 ತಿಂಗಳ ಕೆಲಸ. ಓರೆಕೋರೆ ಮರದ ಮನೆಗಳು, ಬಣ್ಣ ಬಳಿದ ಛಾವಣಿಗಳು. ನಮ್ಮಲ್ಲಾದರೆ ಕುಂಬಳಕಾಯಿ ಒಡೆದ ಮಾರನೇ ದಿನ ಸೆಟ್ಟಿನ ಮರ ಹರಾಜಿಗೆ ಬರುತ್ತೆ. ಇಲ್ಲಿ ನಾಲ್ಕೂವರೆ ದಶಕವಾದರೂ ಹಾಗೇ ನಿಂತಿದೆ. ಪ್ರವಾಸಿಗರು ಟಿಕೆಟ್ ಕೊಟ್ಟು ಒಳಗೆ ಹೋಗುತ್ತಾರೆ. "ಇದೂ ನೀರಿನ ಬದಿಯ ಮನೆಯೇ ಅಲ್ವಾ ಧಣಿ, ಇದನ್ನೇ ಕೇಳೋಣವಾ?" ಅಂದೆ. ಅವರು ನಗಲಿಲ್ಲ. ತಲೆ ತುಂಬ ಅವರ ಬಂಗಲೆ ಇತ್ತು.

ದೋಣಿಯಲ್ಲಿ ಒಂದು ತಮಾಷೆ. ಹೋಗುವಾಗ ಟಿಕೆಟ್ ಕೇಳುವುದೇ ಇಲ್ಲ, ಗೋಜೋ ಬಿಟ್ಟು ಬರುವಾಗ ಮಾತ್ರ ದುಡ್ಡು. ಹೋದವನು ಬಂದೇ ಬರಬೇಕಲ್ಲ ಅನ್ನುವ ಲೆಕ್ಕ! ಇಪ್ಪತ್ತೈದು ನಿಮಿಷದ ಪಯಣ. ಎಡಬಲದಲ್ಲಿ ನೀಲಿ... ಅಬ್ಬಾ, ಆ ನೀಲಿಯನ್ನು ಕಲರ್ ಲ್ಯಾಬಿನವರು ತೋರಿಸಿದ್ದರೆ "ಸ್ವಲ್ಪ ಕಮ್ಮಿ ಮಾಡಿ ಸ್ವಾಮಿ" ಅಂತಿದ್ದೆವು.

ಗೋಜೋ ಬರೀ 67 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 39 ಸಾವಿರ. ದಿಬ್ಬದ ಮೇಲೆ ಊರು, ಊರಿನ ನಡುವೆ ಊರಿಗಿಂತ ದೊಡ್ಡ ಚರ್ಚು. ಮನೆ, ಬೇಲಿ, ಹಾದಿ ಎಲ್ಲವೂ ಜೇನಿನ ಬಣ್ಣದ ಸುಣ್ಣಕಲ್ಲು. ಹೋಮರನ ಕಾವ್ಯದ ಕಲಿಪ್ಸೋ ಎಂಬ ಅಪ್ಸರೆ ಯುಲಿಸಿಸ್‌ನನ್ನು ಏಳು ವರ್ಷ ಹಿಡಿದಿಟ್ಟುಕೊಂಡ ದ್ವೀಪ ಇದೇ ಎಂದು ಇಲ್ಲಿಯವರ ನಂಬಿಕೆ. ಕೆಂಪು ಮರಳಿನ ರಮ್ಲಾ ಬೀಚಿನ ಮೇಲ್ಗಡೆ ಗುಹೆಯನ್ನೂ ತೋರಿಸುತ್ತಾರೆ. ಅಪ್ಸರೆಯೇ ಇದ್ದರೂ ಆ ಮನುಷ್ಯ ದಿನಾ ದಡದಲ್ಲಿ ಕೂತು ಊರು ನೆನೆದು ಅಳುತ್ತಿದ್ದನಂತೆ. ಇದನ್ನು ಧಣಿಗಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಬಂಗಲೆ ದರ್ಶನ

ದಲ್ಲಾಳಿ ಬಂದಿದ್ದ. ಕಪ್ಪು ಕನ್ನಡಕ, ಬಿಳಿ ಷರ್ಟು, ಕೈಯಲ್ಲಿ ಚರ್ಮದ ಫೈಲು. ನಮ್ಮ ಚಿತ್ರಗಳ ಖಳನಾಯಕನ ಸೆಕ್ರೆಟರಿಯೇ ಎದ್ದು ಬಂದ ಹಾಗೆ. ಬಂಗಲೆ ದಕ್ಷಿಣ ತೀರದ ಬಂಡೆಯ ಮೇಲೆ. ನಾಲ್ಕು ಮಲಗುವ ಕೋಣೆ, ನೆಲದಿಂದ ಛಾವಣಿವರೆಗೂ ಗಾಜು, ಹೊರಗೆ ಈಜುಕೊಳ. ಕೊಳದ ಆಚೆ ಅಂಚೇ ಕಾಣುವುದಿಲ್ಲ. ಕೊಳದ ನೀರು ಸೀದಾ ಸಮುದ್ರಕ್ಕೆ ಸೇರಿದ ಹಾಗೆ!

ನನಗೆ ಆ ಕೊಳ ನೋಡಿ ನಗು ಬಂತು. ಕಾರಣ ಹೇಳುತ್ತೇನೆ ಕೇಳಿ. ಮಾಲ್ಟಾದ ಕಲ್ಕಾರಾ ಎಂಬಲ್ಲಿ ಸಿನಿಮಾ ಸ್ಟುಡಿಯೋ ಇದೆ. ಅಲ್ಲಿ 1964ರಲ್ಲಿ ಸಮುದ್ರದ ಅಂಚಿಗೇ ಒಂದು ದೊಡ್ಡ ನೀರಿನ ತೊಟ್ಟಿ ಕಟ್ಟಿದರು. ತೊಟ್ಟಿಯನ್ನು ಕಂಠಮಟ್ಟ ತುಂಬಿಸಿ, ಆಚೆ ಅಂಚಿನಿಂದ ನೀರು ತುಳುಕುವಂತೆ ಬಿಡುತ್ತಾರೆ. ಈಚೆಯಿಂದ ಕ್ಯಾಮರಾ ಇಟ್ಟರೆ ತೊಟ್ಟಿಯ ನೀರೂ ಹಿಂದಿನ ಸಮುದ್ರವೂ ಒಂದೇ. ಹೆಚ್ಚು ಆಳವಿಲ್ಲದ ನೀರಲ್ಲಿ ಹಡಗು ಮುಳುಗಿಸಬಹುದು, ಬಿರುಗಾಳಿ ಎಬ್ಬಿಸಬಹುದು, ಹೀರೋಗೆ ನೆಗಡಿಯಾಗದ ಹಾಗೆ ನೋಡಿಕೊಳ್ಳಬಹುದು! 'ರೇಸ್ ದಿ ಟೈಟಾನಿಕ್' (1980) ಚಿತ್ರಕ್ಕಾಗಿ ಪಕ್ಕದಲ್ಲೇ ಆಳದ ತೊಟ್ಟಿಯನ್ನೂ ತೋಡಿದರು. ನಮ್ಮ ಹಿಂದಿಯವರೂ ಮಾಲ್ಟಾ ಬಿಟ್ಟಿಲ್ಲ. ಅಮಿತಾಭ್-ಆಮಿರ್‌ರ 'ಥಗ್ಸ್ ಆಫ್ ಹಿಂದೂಸ್ತಾನ್' (2018), ಸಲ್ಮಾನ್‌ರ 'ಭಾರತ್' (2019) ಎರಡಕ್ಕೂ ಈ ದೇಶದಲ್ಲಿ ಚಿತ್ರೀಕರಣವಾಗಿದೆ. ಬಂಗಲೆಯ ಕೊಳದಲ್ಲಿ ಇದ್ದದ್ದೂ ಅದೇ ತಂತ್ರ. ಸಮುದ್ರ ನಿಮ್ಮದೇ ಅನ್ನಿಸಬೇಕು, ಅಷ್ಟೇ.

"ಬೆಲೆ?" ಎಂದರು ಧಣಿಗಳು.

"ಹದಿನೆಂಟು ಲಕ್ಷ ಯೂರೋ."

ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 18 ಕೋಟಿ! ಆ ದುಡ್ಡಲ್ಲಿ ನಮ್ಮ ಗಾಂಧಿನಗರದವರು ಒಂದು ಚಿತ್ರ ಮುಗಿಸಿ, ಅದು ಮಕಾಡೆ ಮಲಗಿದರೂ ಎದ್ದು ಕೂತು ಇನ್ನೊಂದಕ್ಕೆ ಮುಹೂರ್ತ ಇಡುತ್ತಿದ್ದರು. ಧಣಿಗಳ ಮುಖ ಮಾತ್ರ ಒಂದು ಚೂರೂ ಬದಲಾಗಲಿಲ್ಲ. ಕಿಟಕಿಯ ಕೀಲಿನ ಮೇಲೆ ಬೆರಳಾಡಿಸಿದರು. ಬೆರಳು ಕೆಂಪಾಯಿತು, ತುಕ್ಕು. ಹೊರಗೋಡೆಯ ಕಲ್ಲನ್ನು ಹೆಬ್ಬೆರಳಿಂದ ಒತ್ತಿದರು. ಹಳದಿ ಪುಡಿ ಉದುರಿತು. ಕಡಲ ಕಡೆಯಲ್ಲಿ ಹುಟ್ಟಿದವರ ಪರೀಕ್ಷೆ ಅದು.

"ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬರ್ತದೆ?"

ಈ ಸಮುದ್ರದಲ್ಲಿ ಭರತ ಇಳಿತ ಇಲ್ಲವೆನ್ನುವಷ್ಟು ಕಮ್ಮಿ ಸಾರ್, ಗೇಣಿನ ಲೆಕ್ಕ, ಎಂದು ದಲ್ಲಾಳಿ ವಿವರಿಸಿದ. ಅದು ನಿಜವೇ. ಚಳಿಗಾಲದ ಗಾಳಿಯ ವಿಚಾರ ಆತ ಎತ್ತಲಿಲ್ಲ. 2019ರ ಫೆಬ್ರವರಿಯಲ್ಲಿ ಬೀಸಿದ ಈಶಾನ್ಯದ ಬಿರುಗಾಳಿಗೆ ಮಾಲ್ಟಾದ ಶೆಮ್ಶಿಯಾ ಎಂಬಲ್ಲಿ ಅಲೆ ರಸ್ತೆಗೆ ನುಗ್ಗಿ, ಮೀನು ತಂದು ಡಾಂಬರಿನ ಮೇಲೆ ಸುರಿದು ಹೋಗಿತ್ತು. ಜನ ಚೀಲ ಹಿಡಿದು ಬಂದು ಆರಿಸಿಕೊಂಡರು.

ಕೆಳಗೆ ನೀರಿಗಿಳಿಯಲು ಬಂಡೆ ಕಡಿದು ಮಾಡಿದ ಮೆಟ್ಟಿಲು. ನಾನು ಎಣಿಸಿದೆ: ತೊಂಬತ್ತನಾಲ್ಕು. ಧಣಿಗಳು ಹನ್ನೆರಡು ಇಳಿದು ನಿಂತುಬಿಟ್ಟರು. ಅಷ್ಟರಲ್ಲಿ ಕೆಳಗಿನ ಬಂಡೆಯ ಮೇಲೆ ಇಬ್ಬರು ಮುದುಕರು ಗಾಳ ಹಾಕಿ ಕೂತಿದ್ದು ಕಂಡಿತು.

"ಇವರು ಯಾರು? ನಮ್ಮ ಜಾಗದಲ್ಲಿ?"

"ಆ ಬಂಡೆ ನಿಮ್ಮದಲ್ಲ ಸಾರ್."

2016ರಲ್ಲಿ ಬಂದ ಕಾಯಿದೆ ಕರಾವಳಿಯ ಅಂಚನ್ನು ಸಾರ್ವಜನಿಕ ಆಸ್ತಿ ಎಂದು ಸಾರಿದೆ. 18 ಕೋಟಿ ಕೊಟ್ಟವನಿಗೆ ಗಾಜಿನಿಂದ ನೋಡುವ ಹಕ್ಕು. ಗಾಳ ಹಾಕುವ ಮುದುಕನಿಗೆ ಬಂಡೆ ಪುಕ್ಕಟೆ!

ಕೊನ್ವೆನ್ಯು ಎಂಬ ಕಾಗದ

ಇಷ್ಟೆಲ್ಲ ಓದಿ "ನಾನೂ ಒಂದು ಲಾಟರಿ ಹೊಡೆದರೆ..." ಅಂದುಕೊಳ್ಳುತ್ತಿರುವ ಗೆಳೆಯರಿಗಾಗಿ ವ್ಯವಹಾರದ ಮಾತು ಹೇಳಿಬಿಡುತ್ತೇನೆ. ಅಲ್ಲಿ ಮೊದಲು 'ಕೊನ್ವೆನ್ಯು' ಎಂಬ ಕರಾರುಪತ್ರ. ಸಾಮಾನ್ಯವಾಗಿ ನೂರಕ್ಕೆ ಹತ್ತು ಮುಂಗಡ. ಸಕಾರಣವಿಲ್ಲದೆ ಹಿಂದೆ ಸರಿದರೆ ಅದು ಗೋತಾ. ಆಮೇಲೆ ನೋಟರಿ ಕೂತು ಹಳೆಯ ದಾಖಲೆಗಳನ್ನೆಲ್ಲ ಜಾಲಾಡುತ್ತಾರೆ. ಅಲ್ಲಿಯ ನೋಟರಿ ಅಂದರೆ ನಮ್ಮ ಕೋರ್ಟಿನ ಮುಂದೆ ಕೊಡೆ ಕೆಳಗೆ ಮೊಹರು ಒತ್ತುವವರಲ್ಲ. ಕ್ರಯಪತ್ರ ಬರೆಯುವವರೂ ಅವರೇ, ಮನೆಯ ಜಾತಕ ನೋಡುವವರೂ ಅವರೇ. ಮುದ್ರಾಂಕ ಶುಲ್ಕ ಸಾಮಾನ್ಯ ದರದಲ್ಲಿ ನೂರಕ್ಕೆ ಐದು. ನಮ್ಮ ಬಂಗಲೆಗೆ ಅದೇ 90 ಸಾವಿರ ಯೂರೋ!

ಭಾರತದ ಪಾಸ್‌ಪೋರ್ಟ್ ಇದ್ದರೆ ಎ.ಐ.ಪಿ. ಎಂಬ ಪರವಾನಗಿ ಬೇಕು. ಒಂದೇ ಮನೆ, ಅದೂ ಸ್ವಂತ ವಾಸಕ್ಕೆ. ಬಾಡಿಗೆಗೆ ಬಿಡುವುದಕ್ಕೆ ಸಾಮಾನ್ಯವಾಗಿ ಆಗದು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆಗಿಂತ ಅಗ್ಗದ ಮನೆ ಹೊರಗಿನವನು ಕೊಳ್ಳುವಂತಿಲ್ಲ; ಅಗ್ಗದ್ದು ಊರಿನವರಿಗಿರಲಿ ಅಂತ. 'ವಿಶೇಷ ಪ್ರದೇಶ'ಗಳೆಂದು ಹೆಸರಿಸಿದ ಕೆಲವು ಕಡೆ, ಗೋಜೋದಲ್ಲಾದರೆ ಬಂದರಿನ ಮೇಲಿನ ಷಾಂಬ್ರೇ ಕೋಟೆಯಂಥಲ್ಲಿ, ಈ ಪರವಾನಗಿ ಬೇಡ. ಎಷ್ಟು ಬೇಕಾದರೂ ಕೊಳ್ಳಿ, ಬಾಡಿಗೆಗೂ ಕೊಡಿ. ಇನ್ನು ಭಾರತದಲ್ಲಿ ಕೂತು ಕೊಳ್ಳುವವರಿಗೆ ರಿಸರ್ವ್ ಬ್ಯಾಂಕಿನ ಮಿತಿ ಇದೆ: ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳಿಸಬಹುದು. ಒಬ್ಬನೇ ಕಳಿಸುತ್ತಾ ಹೋದರೆ ಈ ಬಂಗಲೆಗೆ ಎಂಟು ವರ್ಷಕ್ಕೂ ಮೇಲಾಯಿತು. ಧಣಿಗಳು ದುಬೈವಾಸಿಯಾದ್ದರಿಂದ ಆ ತಾಪತ್ರಯ ಅವರಿಗಿಲ್ಲ.

"ಮನೆ ತಗೊಂಡ್ರೆ ಪಾಸ್‌ಪೋರ್ಟೂ ಕೊಡ್ತಾರಂತಲ್ಲ?" ಎಂದು ಅವರು ಮೆಲ್ಲಗೆ ಕೇಳಿದರು. 2014ರಿಂದ ಅಂಥ ಯೋಜನೆ ಇದ್ದದ್ದು ಹೌದು. ದೇಣಿಗೆ, ಮನೆ, ಇತ್ಯಾದಿ ಸೇರಿಸಿ ದೊಡ್ಡ ಗಂಟು ಕಟ್ಟಿದರೆ ಪೌರತ್ವ. 2025ರ ಏಪ್ರಿಲ್ 29ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದು ಸಲ್ಲದು ಎಂದಿತು, ಅಂಗಡಿ ಬಾಗಿಲು ಮುಚ್ಚಿತು.

ಬಿದ್ದ ಕಿಟಕಿ, ಕಿತ್ತ ಹೋಟೆಲು

ಸಂಜೆ ನನ್ನ ಪಾಳಿ. ಷೂಟಿಂಗ್ ಜಾಗಗಳನ್ನು ತೋರಿಸು ಅಂತ ಟ್ಯಾಕ್ಸಿ ಹುಡುಗನಿಗೆ ಹೇಳಿದೆ. ಇಪ್ಪತ್ತಾರು ವರ್ಷದ ಹುಡುಗ, ಸಿನಿಮಾ ಹುಚ್ಚು ನಿಮ್ಮಷ್ಟೇ. ಮೊದಲು ಕರೆದುಕೊಂಡು ಹೋದದ್ದು ಇಮ್ಜಾರ್ ಇಶ್ ಶೀನಿ ಎಂಬ ಕಿರುಗೊಲ್ಲಿಗೆ. ಎರಡು ಬಂಡೆಗೋಡೆಗಳ ನಡುವೆ ಕೈಬೆರಳಿನಂತೆ ಒಳಗೆ ಚಾಚಿದ ನೀರು, ಬಾಯಲ್ಲಿ 1661ರ ಕಾವಲು ಗೋಪುರ. ಆ್ಯಂಜೆಲಿನಾ ಜೋಲಿ ಬರೆದು ನಿರ್ದೇಶಿಸಿ, ಗಂಡ ಬ್ರಾಡ್ ಪಿಟ್ ಜೊತೆ ನಟಿಸಿದ 'ಬೈ ದಿ ಸೀ' (2015) ಇಲ್ಲೇ ತಯಾರಾದದ್ದು. ಕತೆ ನಡೆಯುವುದು ಫ್ರಾನ್ಸಿನಲ್ಲಿ! ಇಬ್ಬರೂ 2014ರ ಆಗಸ್ಟಿನಲ್ಲಿ ಮದುವೆಯಾಗಿ ಸೀದಾ ಇಲ್ಲಿಗೆ ಬಂದು, ಕಡಲ ಬದಿಯ ಹೋಟೆಲಿನಲ್ಲಿ ಸಂಸಾರ ಮುರಿಯುವ ಗಂಡಹೆಂಡಿರ ಪಾತ್ರ ಹಾಕಿದರು. 2016ರಲ್ಲಿ ನಿಜವಾಗಿಯೂ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು.

"ಹೋಟೆಲು ಎಲ್ಲಿ?" ಅಂದೆ.

"ಅಗೋ ಅಲ್ಲಿತ್ತು" ಎಂದು ಹುಡುಗ ಬರೀ ಬಂಡೆ ತೋರಿಸಿದ. ಸೆಟ್ಟು. ಮುಗಿದ ಮೇಲೆ ಕಿತ್ತುಕೊಂಡು ಹೋದರು. ಆಗ ಅವನಿಗೆ ಹದಿನೈದು. ರಸ್ತೆ ಬಂದ್ ಮಾಡಿದ್ದರಂತೆ. ಸ್ಕೂಲಿಗೆ ಚಕ್ಕರ್ ಹೊಡೆದು ಎದುರು ಗುಡ್ಡ ಹತ್ತಿ, ಅಜ್ಜನ ದುರ್ಬೀನಿನಲ್ಲಿ ಬ್ರಾಡ್ ಪಿಟ್‌ನ ಟೋಪಿ ನೋಡಿದ್ದನಂತೆ. ಟೋಪಿ ಮಾತ್ರ!

ಅಲ್ಲಿಂದ ಪಶ್ಚಿಮದ ದ್ವೇರಾಕ್ಕೆ. 'ಅಜ್ಯೂರ್ ವಿಂಡೋ' ಹೆಸರು ಕೇಳಿದ್ದೀರಿ. ಸಮುದ್ರದಲ್ಲಿ ನಿಂತ ಕಲ್ಲಿನ ಮಹಾದ್ವಾರ. 'ಕ್ಲ್ಯಾಷ್ ಆಫ್ ದಿ ಟೈಟನ್ಸ್' (1981), 'ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೋ' (2002), 'ಗೇಮ್ ಆಫ್ ಥ್ರೋನ್ಸ್' (2011) ಎಲ್ಲದರಲ್ಲೂ ಅದು ಪಾತ್ರ ಮಾಡಿದೆ. ಕೊನೆಯದರ ಷೂಟಿಂಗಿಗೆ 2010ರಲ್ಲಿ ರಕ್ಷಿತ ಬಂಡೆಯ ಮೇಲೆ ಮರಳು ಸುರಿದದ್ದು ದೊಡ್ಡ ಗಲಾಟೆಯಾಗಿತ್ತು. 2017ರ ಮಾರ್ಚ್ 8ರ ಬೆಳಿಗ್ಗೆ, ಬಿರುಗಾಳಿಯ ನಡುವೆ, ಇಡೀ ಕಮಾನು ಸಮುದ್ರಕ್ಕೆ ಕುಸಿದುಬಿತ್ತು. ಈಗ ಅಲ್ಲಿ ಬರೀ ನೀರು.

ಧಣಿಗಳು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. "ಇದೂ ಸುಣ್ಣಕಲ್ಲಾ?" ಎಂದಷ್ಟೇ ಕೇಳಿದರು.

ವಾಪಸು ಬರುವಾಗ ಹುಡುಗ ತನ್ನ ಕತೆ ಬಿಚ್ಚಿದ. ಮೂರು ವರ್ಷದಿಂದ ಹುಡುಗಿ ಗೊತ್ತಾಗಿದ್ದಾಳೆ, ಮದುವೆಯಾಗಿಲ್ಲ. ಮನೆ ಸಿಕ್ಕಿಲ್ಲ. ಆಕೆಗೆ ಮಾಲ್ಟಾದಲ್ಲಿ ಕೆಲಸ, ದಿನಾ ದೋಣಿ. ಶ್ಲೆಂಡಿ, ಮಾರ್ಸಲ್‌ಫೋರ್ನ್ ಅವನಜ್ಜನ ಕಾಲಕ್ಕೆ ಮೀನುಗಾರರ ಹಳ್ಳಿ. ಈಗ ನೀರಿಗೆ ಮುಖ ಮಾಡಿ ಸಾಲು ಸಾಲು ಫ್ಲಾಟು. ಎಲ್ಲಿ ನೋಡಿದರೂ ಕ್ರೇನು. "ಪ್ರಶಾಂತ ದ್ವೀಪ ಅಂತ ಜಾಹೀರಾತು ಹಾಕ್ತಾರೆ ಸಾರ್. ಬೆಳಿಗ್ಗೆ ಏಳಕ್ಕೆ ಕಲ್ಲು ಕೊರೆಯೋ ಮಿಷನ್ನು ಶುರುವಾದಾಗ ಬಂದು ಕೇಳಿ!" ಅಂದ. ಸಿಟ್ಟಿನಿಂದಲ್ಲ, ನಗುತ್ತಲೇ ಅಂದ. ನಮಗೇ ಮುಜುಗರವಾಯಿತು.

ರಾತ್ರಿ ವಿಕ್ಟೋರಿಯಾ ಪಟ್ಟಣದಲ್ಲಿ ಊಟ. ಅಭಿಮಾನಿಗಳ ಪೈಪೋಟಿ ಮೆಜೆಸ್ಟಿಕ್ಕಿಗೇ ಮೀಸಲು ಅಂದುಕೊಂಡಿದ್ದೀರಾ? ಈ ಪುಟ್ಟ ಪಟ್ಟಣದ ಒಂದೇ ಬೀದಿಯಲ್ಲಿ ಎರಡು ಒಪೆರಾ ಮಂದಿರ, ಅಸ್ಟ್ರಾ ಮತ್ತು ಅರೋರಾ. ಎರಡು ಬ್ಯಾಂಡ್ ಸಂಘದವರು ಕಟ್ಟಿಕೊಂಡದ್ದು. ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಇಬ್ಬರೂ ಹಟಕ್ಕೆ ಬಿದ್ದು ದೊಡ್ಡ ಒಪೆರಾ ಆಡಿಸುತ್ತಾರೆ. ಬಡಗಿ, ಮೇಷ್ಟ್ರು, ಅಂಗಡಿಯವನು ಎಲ್ಲ ಪುಕ್ಕಟೆ ದುಡಿಯುತ್ತಾರೆ. ಆ ಸಂಘದವರ ಎದುರು ಈ ಸಂಘ ಹೊಗಳಿದಿರೋ, ಕೆಟ್ಟಿರಿ! ನನಗೆ ಇಡೀ ಗೋಜೋದಲ್ಲಿ ತೀರಾ ಹಿಡಿಸಿದ್ದು ಇದೇ.

ಊಟದ ನಡುವೆ ಧಣಿಗಳು ಮಗಳಿಗೆ ಫೋನು ಹಚ್ಚಿ ಬಂಗಲೆಯ ಫೋಟೋ ಕಳಿಸಿದರು. ಸ್ಪೀಕರಿನಲ್ಲಿ ಆಕೆಯ ದನಿ: "ಚಂದ ಉಂಟು ಅಪ್ಪ. ಆದ್ರೆ ಸುತ್ತ ಯಾರಾದ್ರೂ ಮಕ್ಕಳಿದ್ದಾರಾ? ಇಡೀ ದಿನ ಸಮುದ್ರ ನೋಡಿಕೊಂಡು ಇವು ಎಂತ ಮಾಡ್ತವೆ?"

ಧಣಿಗಳು ಮೀನಿನ ಮುಳ್ಳು ಬಿಡಿಸುತ್ತಾ ಸುಮ್ಮನೆ ಕೂತರು.

ಆಲಾ ಊರಿನ ಮನೆ

ಮರುದಿನ ಕರಾರಿಗೆ ಸಹಿ ಹಾಕಬೇಕಿತ್ತು. ಹಾಕಲಿಲ್ಲ. "ಮಕ್ಕಳು ಆಡುವ ಊರು ಯಾವುದುಂಟು?" ಎಂದು ಟ್ಯಾಕ್ಸಿ ಹುಡುಗನನ್ನೇ ಕೇಳಿದರು. ಅವನು ಪೂರ್ವ ತುದಿಯ ಹಳ್ಳಿಗೆ ಕರೆದೊಯ್ದ. ಬರೆಯುವುದು ಕಾಲಾ, ಬಾಯಲ್ಲಿ ಆಲಾ. ಚರ್ಚಿನ ಮುಂದೆ ಚೌಕ, ಚೌಕದಲ್ಲಿ ಚೆಂಡು ಒದೆಯುವ ಹತ್ತು ಹುಡುಗರು, ಬೆಂಚಿನ ಮೇಲೆ ಅವರನ್ನು ಬೈಯುವ ಅಜ್ಜಂದಿರು.

ಈ ಊರಿನವರು ಗಟ್ಟಿಗರು. ಕೆಳಗೆ ಹೊಂಡೋ ಇರ್ ರುಮ್ಮೀನ್ ಎಂಬ ಈಜುವ ಕೊಲ್ಲಿ ಇದೆ, ದಾಳಿಂಬೆಯ ಕಂದಕ ಎಂದರ್ಥ. 2002ರಲ್ಲಿ ಅಲ್ಲಿ ಐಷಾರಾಮಿ ಹೋಟೆಲು, ವಿಲ್ಲಾಗಳು, ವಿಹಾರನೌಕೆಯ ಬಂದರು ಕಟ್ಟುವ ಯೋಜನೆ ಬಂತು. ಊರವರು ಮತ ಹಾಕಿ ಬೇಡ ಎಂದರು, ವರ್ಷಗಟ್ಟಲೆ ಹೋರಾಡಿದರು. 2016ರಲ್ಲಿ ಯೋಜನಾ ಪ್ರಾಧಿಕಾರ ಅರ್ಜಿಯನ್ನು ತಿರಸ್ಕರಿಸಿತು. ನಾವು ಹೋದಾಗಲೂ ಅಲ್ಲಿ ಹೆಂಗಸರು ಮಕ್ಕಳನ್ನು ನೀರಿಗಿಳಿಸಿ ದಡದಲ್ಲಿ ಹರಟುತ್ತಿದ್ದರು.

ಚೌಕದ ಹಿಂದಿನ ಓಣಿಯಲ್ಲಿ ಒಂದು ಹಳೆ ಕಲ್ಲಿನ ಮನೆ. ಒಳಗೆ ಅಂಗಳ, ಅಂಗಳದಲ್ಲಿ ನಿಂಬೆ ಗಿಡ, ಬಾವಿ. ಮೆಟ್ಟಿಲು ಹದಿನಾಲ್ಕೇ. ಧಣಿಗಳು ಕೈಗೋಡೆ ಹಿಡಿದು ತಾರಸಿ ಹತ್ತಿಯೇ ಹತ್ತಿದರು. ಅಲ್ಲಿಂದ ಸಮುದ್ರ ದೂರದಲ್ಲಿ ಒಂದು ಪಟ್ಟಿ, ನಡುವೆ ಕೊಮಿನೋ ದ್ವೀಪ. ನೀರಿನ ಬದಿಯ ಬಂಗಲೆ ಅಂತ ಯಾರೂ ಇದನ್ನು ಕರೆಯುವುದಿಲ್ಲ.

ಈ ಮನೆಯ ಜಾತಕ ಸ್ವಲ್ಪ ತೊಡಕು. ಜಾಗಕ್ಕೆ 'ಚೆನ್ಸ್' ಇದೆ ಎಂದರು ನೋಟರಿ. ಅಂದರೆ ಹಿಂದಿನ ಯಾವುದೋ ಕಾಲದಲ್ಲಿ ಶಾಶ್ವತವಾಗಿ ಬಿಟ್ಟುಕೊಟ್ಟ ಜಾಗ, ವರ್ಷಕ್ಕಿಷ್ಟು ಅಂತ ಸಣ್ಣ ಮೊತ್ತ ಮೂಲದವರಿಗೆ ಸಲ್ಲಬೇಕು. ಇಂಗ್ಲಿಷಿನಲ್ಲಿ ಇದನ್ನು ಬಿಡಿಸಿ ಹೇಳಲು ಅವರು ಕಾಲು ಗಂಟೆ ಒದ್ದಾಡಿದರು. ಧಣಿಗಳು ನನ್ನ ಕಡೆ ತಿರುಗಿ, "ಅಯ್ಯ, ಇದು ನಮ್ಮ ಮೂಲಗೇಣಿ ಮಾರಾಯ!" ಎಂದರು. ಆ ಎರಡು ದಿನದಲ್ಲಿ ಅವರು ನಕ್ಕದ್ದು ಆಗಲೇ. ವಾರ್ಷಿಕ ಮೊತ್ತದ ಇಪ್ಪತ್ತು ಪಟ್ಟು ಕಟ್ಟಿ ಅದನ್ನು ಬಿಡಿಸಿಕೊಳ್ಳಲು ಬರುತ್ತದಂತೆ.

ದೊಡ್ಡ ತೊಡಕು ವಾರಸುದಾರರದ್ದು. ಗೋಜೋದ ಹಳೆ ಮನೆಗಳೆಲ್ಲ ಹೀಗೇ: ಅಜ್ಜ ಒಬ್ಬ, ಪಾಲುದಾರರು ಹಿಂಡು. ಕಳೆದ ಶತಮಾನದಲ್ಲಿ ಇಲ್ಲಿಂದ ಜನ ಆಸ್ಟ್ರೇಲಿಯಾಕ್ಕೆ, ಅಮೆರಿಕಕ್ಕೆ ಹಡಗು ಹತ್ತಿದರು. ವಾಪಸು ಬಂದವರು ಕಟ್ಟಿದ ಮನೆಗಳ ಮುಂದೆ ಇಂದಿಗೂ ಕಾಂಗರೂ ಗೊಂಬೆ ಕಾಣುತ್ತೀರಿ. ಈ ಮನೆಗೆ ಹದಿನಾಲ್ಕು ಜನ ಹಕ್ಕುದಾರರು. ಎಲ್ಲರೂ ಸಹಿ ಹಾಕಬೇಕು.

ಹದಿಮೂರು ಸಹಿ ಬಂದಿದೆ ಎಂದು ಧಣಿಗಳು ಕಳೆದ ವಾರ ದುಬೈಯಿಂದ ಫೋನು ಮಾಡಿದ್ದರು. ಉಳಿದಿರುವುದು ಮೆಲ್ಬರ್ನಿನ ಒಬ್ಬ ಅಜ್ಜಿ. ಆ ಮನೆಯಲ್ಲೇ ಹುಟ್ಟಿದವರಂತೆ. ಆಕೆ ನೋಟರಿಯ ಕೈಲಿ ಒಂದೇ ಪ್ರಶ್ನೆ ಕೇಳಿಸಿದ್ದಾರೆ: ಕೊಳ್ಳುವವರು ಅಲ್ಲಿ ವಾಸ ಇರುತ್ತಾರೋ, ಬೀಗ ಹಾಕಿಕೊಂಡು ಹೋಗುತ್ತಾರೋ?

"ಎಂತ ಬರೆಯುವುದು ಮಾರಾಯ?" ಎಂದು ಧಣಿಗಳು ನನ್ನನ್ನು ಕೇಳಿದರು. ಮೊದಲು ಮಗನನ್ನೂ ಮಗಳನ್ನೂ ಕೇಳಿ ಅಂದಿದ್ದೇನೆ.